ಅರವತ್ತನಾಲ್ಕರ ಮರ್ಯಾದೆ

ಮನುಷ್ಯ ಬಾಯಿ ತೆರೆಯಬಾರದ ಜಾಗಗಳು ಲೋಕದಲ್ಲಿ ಕೆಲವಿವೆ. ನಮ್ಮಕ್ಕನ ಅಂಗಡಿ ಅವುಗಳಲ್ಲೊಂದು ಎಂದು ತಿಳಿಯಲು ನನಗೆ ನಲವತ್ತೇಳು ವರ್ಷ ಬೇಕಾಯಿತು.

ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆ. ಅದರ ಅರ್ಧವನ್ನು ಕಸೂತಿ ಯಂತ್ರ ನುಂಗಿಕೊಂಡಿದೆ. ಉಳಿದರ್ಧದಲ್ಲಿ ದಾರದ ರೀಲುಗಳು, ಬಟ್ಟೆ ಕತ್ತರಿಸುವ ಮೇಜು ಮತ್ತು ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರು. ಚಿತ್ರ ಕಂಪ್ಯೂಟರಿನಲ್ಲಿರುತ್ತದೆ. ಕಂಪ್ಯೂಟರು ಹೆಬ್ಬೆರಳು ದಪ್ಪದ ಒಂದು ಕೇಬಲ್ಲಿನ ಮೂಲಕ ಅದನ್ನು ಯಂತ್ರಕ್ಕೆ ಹೇಳುತ್ತದೆ, ಯಂತ್ರ ಕೇಳಿಸಿಕೊಂಡು ಬಟ್ಟೆಯ ಮೇಲೆ ಹೊಲಿಯುತ್ತದೆ. ಎರಡು ವರ್ಷದಿಂದ ಹೇಳುವವರು ಕೇಳುವವರು ಹೊಂದಿಕೊಂಡು ಹೋಗಿದ್ದರು. ಆ ಸೋಮವಾರ ಬೆಳಿಗ್ಗೆ ಕಂಪ್ಯೂಟರು ಹೇಳುವುದನ್ನು ನಿಲ್ಲಿಸಿತು.

ಅಕ್ಕನ ಕೈಯಲ್ಲಿ ಆಗ ನರ್ಸಿಂಗ್ ಶಾಲೆಯ ಇನ್ನೂರು ಬ್ಯಾಡ್ಜುಗಳ ಕೆಲಸವಿತ್ತು. ನೂರು ಮುಗಿದಿದ್ದವು. ಉಳಿದ ನೂರನ್ನೂ ಸೇರಿಸಿ ಮುಂದಿನ ಸೋಮವಾರ ಹತ್ತು ಗಂಟೆಗೆ ಕೊಡಬೇಕು. ಇದು ಅವಳ ಸ್ವಂತ ಅಂಗಡಿಗೆ ಬಂದ ಮೊದಲ ದೊಡ್ಡ ಕೆಲಸ. ಅದಕ್ಕೂ ಮೊದಲು ಅವಳು ಹನ್ನೊಂದು ವರ್ಷ ಪೇಟೆಯ ದೊಡ್ಡಂಗಡಿಯಲ್ಲಿ, ಇನ್ನೊಬ್ಬರ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತು ದುಡಿದವಳು. ಬಿಟ್ಟು ಬಂದ ದಿನ ದೊಡ್ಡಂಗಡಿಯ ಯಜಮಾನ ನಗುತ್ತಾ, "ನಿನ್ನ ಸ್ಟೂಲು ಯಾರಿಗೂ ಕೊಡಲ್ಲಮ್ಮ, ಹಾಗೇ ಇಟ್ಟಿರ್ತೀನಿ. ವಾಪಸ್ ಬರ್ತೀಯಲ್ಲ" ಎಂದಿದ್ದ. ಬ್ಯಾಡ್ಜು ತಪ್ಪಿದರೆ ಶಾಲೆಯವರು ದೊಡ್ಡಂಗಡಿಗೆ ಹೋಗುತ್ತಾರೆ. ಶಾಲೆಯವರ ಹಿಂದೆಯೇ ಅಕ್ಕನೂ ಹೋಗಬೇಕಾಗುತ್ತದೆ.

ರಿಪೇರಿಯವನು ಬಂದ. ಡಬ್ಬ ಬಿಚ್ಚಿದ, ನೋಡಿದ, ನಿಟ್ಟುಸಿರು ಬಿಟ್ಟ. "ಒಳಗಿನ ಡಿಸ್ಕ್ ಹೋಗಿದೆ. ಬೇರೆ ಡಿಸ್ಕ್ ಹಾಕ್ಕೊಡ್ತೀನಿ. ಆದ್ರೆ ಅದರೊಳಗೆ ಹಾಕೋ ಆಪರೇಟಿಂಗ್ ಸಿಸ್ಟಮ್ ಸಿಗಲ್ಲ."

"ಹೊಸ ಕಂಪ್ಯೂಟರೇ ತಗೊಂಡ್ರೆ?" ಅಕ್ಕ ಕೇಳಿದಳು.

"ಈ ಕೇಬಲ್ ಸಿಕ್ಕಿಸೋಕೆ ಹೊಸದರಲ್ಲಿ ಜಾಗವೇ ಇರಲ್ಲಮ್ಮ. ಈ ಹಳೇ ಅಳತೆಗೆ ರೆಡಿಮೇಡ್ ಸಿಸ್ಟಮ್ ಮಾಡೋದನ್ನ ಎಲ್ಲರೂ ಬಿಟ್ಟುಬಿಟ್ರು. ಈಗ ಉಳಿದಿರೋ ದಾರಿ ಒಂದೇ. ಸೋರ್ಸ್ ಅಂತ ಇರುತ್ತೆ, ಸಿಸ್ಟಮ್ ಬರೆದೋರು ಬರೆದ ಹಾಗೇ ಬಿಟ್ಟಿರೋದು. ಥಾನಿನ ಬಟ್ಟೆ ತಂದು ಹೊಲಿಸಿಕೊಂಡ ಹಾಗೆ, ಅದನ್ನ ತಂದು ಮೊದಲಿಂದ ಕಟ್ಕೋಬೇಕು." ಅವನು ಸ್ಕ್ರೂ ತಿರುಗಿಸುತ್ತಾ ತನ್ನಷ್ಟಕ್ಕೆ ಹೇಳಿಕೊಂಡ, "ಅದೆಲ್ಲ ಕಟ್ಟೋರು ಯಾರಿದಾರೆ?"

ಅದು ಉತ್ತರ ಬೇಡುವ ಪ್ರಶ್ನೆಯಾಗಿರಲಿಲ್ಲ. ಆದರೂ ನಾನು, "ಯಾಕೆ, ನಾನಿಲ್ವೇನಯ್ಯಾ" ಎಂದುಬಿಟ್ಟೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ನನ್ನ ಅರ್ಹತೆಯ ಬಗ್ಗೆ ಎರಡು ಮಾತು ಹೇಳಬೇಕು. ನಾನು ಟೆಲಿಫೋನ್ ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಜನ ಬಂದು ಹೇಳಿದ್ದನ್ನು ದೂರು ಪುಸ್ತಕದಲ್ಲಿ ದುಂಡಗೆ ಬರೆದುಕೊಳ್ಳುವುದು ನನ್ನ ಕೆಲಸ. ಯಂತ್ರಗಳು ಹೇಗೆ ಕೆಡುತ್ತವೆ ಎಂಬುದು ನನಗೆ ಗೊತ್ತಿರುವಷ್ಟು ಅವನ್ನು ಮಾಡಿದವರಿಗೂ ಗೊತ್ತಿಲ್ಲ. ಹೇಗೆ ಸರಿಹೋಗುತ್ತವೆ ಎಂಬುದು ಬೇರೆ ವಿಭಾಗ.

ರಿಪೇರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸೋರ್ಸ್ ತುಂಬಿದ ಒಂದು ಪೆನ್ ಡ್ರೈವ್ ಕೊಟ್ಟು, "ಅದೇ ಒಂದೊಂದಾಗಿ ಪ್ರಶ್ನೆ ಕೇಳುತ್ತೆ ಸರ್. ಉತ್ತರ ಹೇಳ್ತಾ ಹೋಗಿ. ಕೊನೆಗೆ ಕಟ್ಟು ಅನ್ನಿ, ಅದೇ ಕಟ್ಕೊಳ್ಳುತ್ತೆ" ಎಂದು ಹೇಳಿ, ಬೇರೆ ಡಿಸ್ಕ್ ಕೂರಿಸಿ ಹೊರಟುಹೋದ. ಬೀಸೋ ದೊಣ್ಣೆ ತಪ್ಪಿಸಿಕೊಂಡವನ ನಡಿಗೆ ಅದು.

ಕಟ್ಟಲು ಇನ್ನೊಂದು ಕಂಪ್ಯೂಟರು ಬೇಕು. ನಮ್ಮ ಭಾವ ಡ್ರೈವಿಂಗ್ ಶಾಲೆ ನಡೆಸುತ್ತಾರೆ. ಕಲಿಯುವವರಿಗೆ ರಸ್ತೆಯ ಚಿಹ್ನೆಗಳನ್ನು ತೋರಿಸುವ ಅವರ ಹೊಸ ಲ್ಯಾಪ್‌ಟಾಪನ್ನು ಮಂಗಳವಾರ ಸಂಜೆ ತಂದು ನಡುಮನೆಯ ಮೇಜಿನ ಮೇಲಿಟ್ಟೆವು. ನಾನು ಕೈಕಾಲು ತೊಳೆದು, ಅಂಗಿಯ ತೋಳು ಮಡಚಿ ಕೂತೆ. ಮೊದಲ ಪ್ರಶ್ನೆ ಬಂತು.

ಯಾವ ಪ್ರೊಸೆಸರ್ ಆರ್ಕಿಟೆಕ್ಚರ್?

ಕೆಳಗೆ ಉದ್ದನೆಯ ಪಟ್ಟಿ. ಆರ್ಮ್ ಅಂತೆ, ಮಿಪ್ಸ್ ಅಂತೆ, ಸ್ಪಾರ್ಕ್ ಅಂತೆ. ಎಕ್ಸ್ ಎಂಬತ್ತಾರು ಎಂಬ ಒಂದು ಕುಲದಲ್ಲಿ ಎರಡು ಬಗೆ, ಮೂವತ್ತೆರಡು ಬಿಟ್ಟಿನದು ಮತ್ತು ಅರವತ್ತನಾಲ್ಕು ಬಿಟ್ಟಿನದು.

"ಪ್ರೊಸೆಸರ್ ಅಂದ್ರೆ ಮಿದುಳು," ಭಾವ ವಿವರಿಸಿದರು. "ನೀನು ಕಟ್ಟೋ ಸಿಸ್ಟಮ್ ಯಾವ ಥರದ ಮಿದುಳಲ್ಲಿ ಓಡಬೇಕು ಅಂತ ಕೇಳ್ತಿದೆ ಅಷ್ಟೆ. ಒಂದನ್ನ ಆರಿಸು."

ಇಲ್ಲೇ ನಾನು ಸಿಕ್ಕಿಬಿದ್ದದ್ದು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನಾನು ಯಾವುದನ್ನೂ ಆರಿಸಿದವನಲ್ಲ. ನಮ್ಮಲ್ಲಿ ಆಯ್ಕೆಗಳನ್ನು ಬರೆದು ಮೇಲಕ್ಕೆ ಕಳಿಸುವ ಪದ್ಧತಿ. ಆರಿಸಿದವನು ಸಿಕ್ಕಿಹಾಕಿಕೊಳ್ಳುತ್ತಾನೆ, ಕಳಿಸಿದವನು ನಿವೃತ್ತಿಯಾಗುತ್ತಾನೆ. ಪಟ್ಟಿಯನ್ನು ದುಂಡಗೆ ಒಂದು ಹಾಳೆಯ ಮೇಲೆ ಬರೆದುಕೊಂಡು ಮೇಲಕ್ಕೆ ಹೋದೆ. ಮೇಲೆ ಎಂದರೆ ಮಹಡಿಗೆ. ಅಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಬಾಡಿಗೆಗಿದ್ದರು.

ಬುಧವಾರ ಬೆಳಿಗ್ಗೆ ಮೇಷ್ಟ್ರು ಕೆಂಪು ಪೆನ್ನು ಹಿಡಿದೇ ಕೆಳಗಿಳಿದು ಬಂದರು. ನಡುಮನೆಯಲ್ಲಿ ಸಭೆ ಸೇರಿತು.

"ಆರ್ಮ್, ಮಿಪ್ಸ್, ಸ್ಪಾರ್ಕ್, ಇವು ನಮಗೆ ಪರಿಚಯವಿಲ್ಲದ ಮನೆತನ," ಎಂದು ಮೇಷ್ಟ್ರು ಒಂದೊಂದನ್ನೂ ಕೆಂಪಿನಲ್ಲಿ ಹೊಡೆದು ಹಾಕಿದರು. "ಬೇಡ. ಉಳಿದದ್ದು ಎರಡು. ಮೂವತ್ತೆರಡು, ಅರವತ್ತನಾಲ್ಕು. ಈಗ ಲೆಕ್ಕ ನೋಡಿ. ಅರವತ್ತನಾಲ್ಕರಲ್ಲಿ ಮೂವತ್ತೆರಡು ಅಡಗಿದೆಯೋ ಇಲ್ಲವೋ?"

"ಎರಡು ಸಲ ಅಡಗಿದೆ," ಎಂದೆ.

"ಮೂವತ್ತೆರಡರಲ್ಲಿ ಅರವತ್ತನಾಲ್ಕು?"

"ಇಲ್ಲ ಮೇಷ್ಟ್ರೇ."

"ಮುಗೀತಲ್ಲ!" ಮೇಷ್ಟ್ರು ಪೆನ್ನಿನ ಟೋಪಿ ಹಾಕಿದರು.

ಭಾವನಿಗೂ ಅದೇ ಅಭಿಪ್ರಾಯ. "ಅರ್ಧ ಎಂಜಿನ್ ಗಾಡಿ ಯಾರಾದ್ರೂ ತಗೋತಾರೇನಯ್ಯಾ? ನಾಳೆ ನಾಲ್ಕು ಜನ ಕೇಳಿದ್ರೆ, ನಮ್ಮನೇಲಿ ಮೂವತ್ತೆರಡು ಅಂತ ಹೇಳೋಕೆ ನಾಲಿಗೆ ಹೊರಳುತ್ತಾ? ನಮಗೂ ಬೀದೀಲಿ ಒಂದು ಮರ್ಯಾದೆ ಇದೆ."

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆತ್ತಗೆ ಕೇಳಿದಳು, "ನನ್ನ ಕಂಪ್ಯೂಟರ್‌ದು ಯಾವುದು ಅಂತ ಅದನ್ನೇ ಬಿಚ್ಚಿ ನೋಡಬಾರದಾ?"

ಮೂವರು ಗಂಡಸರೂ ಅವಳ ಕಡೆ ತಿರುಗಿದೆವು. "ನೀನು ಸುಮ್ನಿರೇ," ಎಂದರು ಭಾವ, "ಇದು ಟೆಕ್ನಿಕಲ್ ವಿಷಯ."

ನಾನು ಅರವತ್ತನಾಲ್ಕನ್ನು ಒತ್ತಿದೆ. ಜವಾಬ್ದಾರಿ ಮೂರು ಪಾಲಾಗಿದ್ದರಿಂದ ಬೆರಳಿಗೆ ಭಾರವಾಗಲಿಲ್ಲ.

ಆಮೇಲೆ ಶುರುವಾಯಿತು ಪ್ರಶ್ನೆಗಳ ಸುರಿಮಳೆ. ಇದು ಬೇಕೋ ಬೇಡವೋ, ಅದು ಬೇಕೋ ಬೇಡವೋ. ಹಡಗಿನ ರೇಡಿಯೋ ಜೊತೆ ಮಾತಾಡುವ ಶಕ್ತಿ ಬೇಕೋ? ಉಪಗ್ರಹದ ತಟ್ಟೆ? ಜಾಯ್‌ಸ್ಟಿಕ್ ಎಂಬ ಮೂವತ್ತು ನಮೂನೆಯ ಆಟದ ಕೋಲು? ಒಂದೇ ಕಂಪ್ಯೂಟರಿನಲ್ಲಿ ಇನ್ನೂರು ಮಿದುಳಿದ್ದರೆ ಅವುಗಳೊಳಗೆ ಜಗಳ ಬಾರದಂತೆ ನೋಡಿಕೊಳ್ಳುವ ಏರ್ಪಾಡು? ಬೇಡ ಎನ್ನಬೇಕಾದರೆ ಅದು ಏನೆಂದು ಗೊತ್ತಿರಬೇಕು. ಬೇಕು ಎನ್ನಲು ಏನೂ ಗೊತ್ತಿರಬೇಕಾಗಿಲ್ಲ. ಎಲ್ಲಕ್ಕೂ ಬೇಕು ಎಂದೆ. ಸಂಜೆ ಆರರ ಹೊತ್ತಿಗೆ ಪ್ರಶ್ನೆಗಳು ಮುಗಿದವು. ಎದ್ದು ನಿಂತು, "ಕಟ್ಟು" ಎಂದೆ.

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡತೊಡಗಿದವು. ಲ್ಯಾಪ್‌ಟಾಪಿನ ಫ್ಯಾನು ಕೂಗತೊಡಗಿತು. ಅವೆರಡೂ ಮೂರು ದಿನ ನಿಲ್ಲಲಿಲ್ಲ.

ಆ ಮೂರು ದಿನ ನಮ್ಮ ಬೀದಿ ಹೇಗಿತ್ತೆಂದರೆ, ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಹಾಗಿತ್ತು. ಮೇಷ್ಟ್ರು ನೆಲ ಅದುರಬಾರದೆಂದು ಮಹಡಿಯಲ್ಲಿ ಬರಿಗಾಲಲ್ಲಿ ಓಡಾಡಿದರು. ಯಾರೂ ಬಾಗಿಲು ಬಡಿಯುವಂತಿಲ್ಲ. ಮಿಕ್ಸಿ ಹಾಕಿದರೆ ಕರೆಂಟು ಹೋದೀತೆಂದು ಭಾವ ಮಿಕ್ಸಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಡ್ರೈವಿಂಗ್ ಶಾಲೆಯಲ್ಲಿ ಚಿಹ್ನೆಗಳ ಪಾಠ ನಿಂತಿದ್ದರಿಂದ ಕಲಿಯುವವರನ್ನೆಲ್ಲ ಭಾವ ಮನೆಗೇ ಕರೆತಂದು ಪರದೆ ತೋರಿಸಿದರು.

"ನೋಡಿ, ಓಡ್ತಾ ಇದೆಯಲ್ಲ, ಇದೆಲ್ಲ ನಮ್ಮ ಭಾವಮೈದ ಕಟ್ತಿರೋದು. ಅರವತ್ತನಾಲ್ಕು!"

ಕಾರು ಕಲಿಯಲು ಬಂದಿದ್ದ ಒಬ್ಬ ಹೆಂಗಸು ನನ್ನನ್ನು ಕೇಳಿದಳು, "ಸರ್, ಈಗ ಎಷ್ಟು ಆಗಿದೆ?"

"ಎಷ್ಟು ಆಗಬೇಕೋ ಅಷ್ಟು ಆಗಿದೆಯಮ್ಮ," ಎಂದೆ. ಅವಳು ಬರೆದುಕೊಂಡಳು.

ಬೀದಿಯ ತುದಿಯ ಇಸ್ತ್ರಿಯವನು ನನ್ನ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿ, "ದೊಡ್ಡ ಕೆಲಸ ಹಿಡಿದಿದೀರಂತೆ" ಎಂದ. ಕಚೇರಿಯಲ್ಲಿ ಸಾಹೇಬರು ಮೊದಲ ಬಾರಿಗೆ ನನಗೆ "ಬನ್ನಿ, ಕೂತ್ಕೊಳ್ಳಿ" ಎಂದರು. ನಾನೂ ಕೂತೆ. ಸೋರ್ಸಿನ ಬಗ್ಗೆ ಅವರಿಗೆ ಅರ್ಧ ಗಂಟೆ ಹೇಳಿದೆ. ಅವರು ತಲೆಯಾಡಿಸಿದರು, ನಾನೂ ತಲೆಯಾಡಿಸಿದೆ. ಇಬ್ಬರಿಗೂ ಅರ್ಥವಾಗಲಿಲ್ಲ, ಆದರೆ ಗೌರವಕ್ಕೆ ಕೊರತೆಯಾಗಲಿಲ್ಲ.

ಅಕ್ಕ ಮಾತ್ರ ಪರದೆಯ ಹತ್ತಿರ ಬರಲಿಲ್ಲ. ಅಂಗಡಿಯ ಕಿಟಕಿಯ ಬಳಿ ಕೂತು, ಉಳಿದ ಬ್ಯಾಡ್ಜುಗಳನ್ನು ಕೈಯಲ್ಲೇ ಹೊಲಿಯತೊಡಗಿದ್ದಳು. ಒಂದಕ್ಕೆ ಎರಡು ಗಂಟೆಯಾದರೂ ಹಿಡಿಯುತ್ತದೆ. ಶುಕ್ರವಾರ ದೊಡ್ಡಂಗಡಿಯ ಯಜಮಾನ ಫೋನ್ ಮಾಡಿದ್ದನಂತೆ. "ಏನಮ್ಮ, ಮೆಷಿನ್ ಕೆಟ್ಟಿದೆಯಂತೆ?" ಎಂದನಂತೆ. ಅಷ್ಟೇ ಕೇಳಿ ಇಟ್ಟನಂತೆ. ಅಕ್ಕ ಇದನ್ನು ಹೇಳಿದ್ದು ಭಾವನಿಗೆ, ನನಗಲ್ಲ.

ಶನಿವಾರ ಸಂಜೆ ಐದಕ್ಕೆ ಸಾಲುಗಳು ನಿಂತವು. ಫ್ಯಾನು ಸುಮ್ಮನಾಯಿತು. ಕಟ್ಟಿದ್ದನ್ನೆಲ್ಲ ಪೆನ್ ಡ್ರೈವಿಗೆ ತುಂಬಿಕೊಂಡು, ಅಂಗಡಿಗೆ ಮೆರವಣಿಗೆಯಲ್ಲಿ ಹೋದೆವು. ಮುಂದೆ ನಾನು, ನನ್ನ ಹಿಂದೆ ಭಾವ, ಭಾವನ ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ಡ್ರೈವಿಂಗ್ ಶಾಲೆಯ ಆರು ಜನ. ಬಾಗಿಲಲ್ಲಿ ಇಸ್ತ್ರಿಯವನು. ಹಳೆಯ ಕಂಪ್ಯೂಟರಿಗೆ ಪೆನ್ ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದೆ.

ಪರದೆ ಬೆಳಗಿತು. ಯಾರೋ ಚಪ್ಪಾಳೆ ತಟ್ಟಿದರು. ಎರಡು ಸಾಲು ಮೂಡಿ ಅಲ್ಲೇ ನಿಂತವು. ಅಕ್ಕ ಮುಂದೆ ಬಂದು, ಕನ್ನಡಕ ಏರಿಸಿಕೊಂಡು, ಅದರ ಅರ್ಥವನ್ನು ಗಟ್ಟಿಯಾಗಿ ಹೇಳಿದಳು.

"ಈ ಸಿಸ್ಟಮ್‌ಗೆ ಅರವತ್ತನಾಲ್ಕರ ಪ್ರೊಸೆಸರ್ ಬೇಕಂತೆ. ಇಲ್ಲಿರೋದು ಮೂವತ್ತೆರಡರದು ಮಾತ್ರ ಅಂತೆ. ಶುರು ಮಾಡೋಕೆ ಆಗಲ್ಲ ಅಂತೆ."

ಇಡೀ ವಾರದಲ್ಲಿ ಆ ಮನೆಯಲ್ಲಿ ಯಾರೇ ಆಡಿದ ಮಾತಿಗಿಂತ ಅದು ಸ್ಪಷ್ಟವಾಗಿತ್ತು.

"ಇನ್ನೊಂದ್ಸಲ ಒತ್ತಿ ನೋಡು," ಎಂದರು ಭಾವ. ಒತ್ತಿದೆ. ಅದು ಮಾತು ಬದಲಿಸಲಿಲ್ಲ. "ಕೋಲ್ಡ್ ಆಗಿರಬೇಕು. ಬೆಳಿಗ್ಗೆ ನಮ್ಮ ಗಾಡೀನೂ ಹಿಂಗೇ ಮಾಡುತ್ತೆ," ಎಂದು ಹೇಳಿ ಭಾವ ಕಂಪ್ಯೂಟರಿನ ಬೆನ್ನು ತಟ್ಟಿದರು.

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. "ಮೂಗಿಗಿಂತ ಮೂಗುತಿ ಭಾರ ಆಗಬಾರದು ಅಂತ ನಾನು ಬುಧವಾರವೇ ಯೋಚಿಸಿದ್ದೆ."

"ಹೇಳಲಿಲ್ಲವಲ್ಲ ಮೇಷ್ಟ್ರೇ!"

"ಕೇಳಲಿಲ್ಲವಲ್ಲ ನೀನು."

ಡ್ರೈವಿಂಗ್ ಶಾಲೆಯವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಎಲ್ಲರೂ ಹೋದ ಮೇಲೆ ಅಕ್ಕ ಹೇಳಿದಳು, "ಅಲ್ಲ ಕಣೋ, ಅಂಗಿ ಯಾರಿಗೆ ಅಂತ ನೋಡದೆ, ಬೀದೀಲಿ ಯಾವನು ಎಲ್ಲರಿಗಿಂತ ಎತ್ತರ ಇದಾನೋ ಅವನ ಅಳತೆ ತಗೊಂಡು ಹೊಲಿದಿದೀರ. ಹಾಕ್ಕೊಳ್ಳೋನು ಇಲ್ಲೇ ಮೂಲೇಲಿ ಕೂತಿದ್ದ. ಒಂದು ಮಾತು ಅವನನ್ನ ಕೇಳೋಕೆ ನಿಮಗೆಲ್ಲ ಏನು ಬಂದಿತ್ತು?"

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಬೆರಳ ತುದಿಗಳು ಸೂಜಿ ಚುಚ್ಚಿ ಕೆಂಪಾಗಿದ್ದವು. ಮೇಜಿನ ಮೇಲೆ ಕೈಯಲ್ಲಿ ಹೊಲಿದ ಹತ್ತೊಂಬತ್ತು ಬ್ಯಾಡ್ಜುಗಳಿದ್ದವು. ಇನ್ನೂ ಎಂಬತ್ತೊಂದು ಬೇಕು, ಉಳಿದಿದ್ದು ಒಂದು ಭಾನುವಾರ. ನನಗೆ ನಾಚಿಕೆಯಾಯಿತು. ಮೂರು ದಿನ ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದವನಿಗೆ ಆ ಸಂಜೆ ಅಕ್ಕನ ಮುಖ ನೋಡಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೇ ಅಕ್ಕ ಕರೆ ಕಳಿಸಿದಳು. ಹೋಗುವಷ್ಟರಲ್ಲಿ ಅವಳು ಹಳೆಯ ಕಂಪ್ಯೂಟರನ್ನು ಕತ್ತರಿಸುವ ಮೇಜಿನ ಮೇಲೆ ಮಲಗಿಸಿ ನಾಲ್ಕು ಸ್ಕ್ರೂ ಬಿಚ್ಚಿದ್ದಳು. ಕಸೂತಿ ಯಂತ್ರದ ಧೂಳು ತೆಗೆಯುವ ಕುಂಚದಿಂದ ಒಳಗೆಲ್ಲ ಗುಡಿಸುತ್ತಿದ್ದಳು.

"ನಿನ್ನ ಅಕ್ಷರ ದುಂಡಗಿದೆ. ಹೇಳಿದ್ದನ್ನ ಬರ್ಕೋ. ನೀನಾಗಿ ಏನೂ ಸೇರಿಸ್ಬೇಡ," ಎಂದಳು.

ಅದು ನನ್ನ ಕೆಲಸವೇ. ಪುಸ್ತಕ ತೆರೆದು ಕೂತೆ. ಅವಳು ಫ್ಯಾನು ಬಿಡಿಸಿ, ಪ್ರೊಸೆಸರಿನ ಬೆನ್ನಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಮೆಮೊರಿ ಎಷ್ಟು, ಡಿಸ್ಕ್ ಯಾವುದು, ಪರದೆಯ ಕಾರ್ಡು ಯಾವುದು, ದಪ್ಪ ಕೇಬಲ್ಲಿನ ಜಾಗದಲ್ಲಿ ಎಷ್ಟು ತೂತು, ಎಲ್ಲವನ್ನೂ ಎದೆಯಳತೆ ತೋಳಿನಳತೆ ಹೇಳುವ ಹಾಗೆ ಹೇಳಿದಳು. ನಾನು ಬರೆದೆ. ಪ್ರೊಸೆಸರಿನ ಹೆಸರನ್ನು ರಿಪೇರಿಯವನಿಗೆ ಫೋನಿನಲ್ಲಿ ಓದಿ ಹೇಳಿದಾಗ, "ಮೂವತ್ತೆರಡರದ್ದೇ, ಕಣ್ಣು ಮುಚ್ಕೊಂಡು ಹಾಕಿ" ಎಂದ. "ಕಣ್ಣು ಬಿಟ್ಕೊಂಡೇ ಹಾಕ್ತೀವಪ್ಪ" ಎಂದು ಅಕ್ಕ ಫೋನ್ ಇಟ್ಟಳು.

ಲ್ಯಾಪ್‌ಟಾಪಿನ ಮುಂದೆ ಈ ಸಲ ಅವಳು ಕೂತಳು. ಮೂವತ್ತೆರಡನ್ನು ಆರಿಸಿದಳು. ಹಿಂದೆ ನಿಂತಿದ್ದ ಭಾವ ಒಂದು ಸಲ ಕೆಮ್ಮಿದರು, ಅಷ್ಟೆ. ಮತ್ತೆ ಅದೇ ಪ್ರಶ್ನೆಗಳು ಬಂದವು.

"ಹಡಗಿನ ರೇಡಿಯೋ?" ನಾನು ಓದಿದೆ.

"ನಮ್ಮನೇಲಿ ಹಡಗಿದೆಯಾ? ಬೇಡ."

"ಉಪಗ್ರಹ?"

"ಬೇಡ."

"ಅಕ್ಕ, ಉಪಗ್ರಹ ಕಣೇ. ಮುಂದೆ ಯಾವತ್ತಾದರೂ..."

"ಒಂದು ಅಂಗಿಗೆ ಎಷ್ಟೋ ಜೇಬು? ಮುಂದಿನದು ಓದು."

ಪುಸ್ತಕದಲ್ಲಿ ಬರೆದದ್ದಕ್ಕೆ ಬೇಕು, ಬರೆಯದೆ ಇದ್ದದ್ದಕ್ಕೆ ಬೇಡ. ಕೀಲಿಮಣೆ ಬೇಕು, ಪರದೆ ಬೇಕು, ಡಿಸ್ಕ್ ಬೇಕು, ದಪ್ಪ ಕೇಬಲ್ ಬೇಕು. ನಾನು ಒಂದು ಇಡೀ ದಿನ ತೆಗೆದುಕೊಂಡ ಪ್ರಶ್ನೆಗಳನ್ನು ಅವಳು ಎರಡು ಗಂಟೆಯಲ್ಲಿ ಮುಗಿಸಿದಳು. ಮೂರು ದಿನ ಹಿಡಿದಿದ್ದ ಕಟ್ಟೋಣ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಮುಗಿದಿತ್ತು. ಈ ಸಲ ಮೆರವಣಿಗೆ ಇರಲಿಲ್ಲ. ಅಕ್ಕ ಗುಂಡಿ ಒತ್ತಿದಳು. ಒಂದಿಷ್ಟು ಸಾಲು ಓಡಿ, ಕೊನೆಗೆ ಒಂದು ಸಣ್ಣ ಗೆರೆ ಮಿಣಮಿಣ ಎನ್ನುತ್ತಾ ಅಪ್ಪಣೆಗೆ ಕಾಯುತ್ತಾ ನಿಂತಿತು. ಪೆನ್ ಡ್ರೈವಿನಲ್ಲಿ ಮೊದಲೇ ತೆಗೆದಿಟ್ಟಿದ್ದ ಬ್ಯಾಡ್ಜಿನ ಚಿತ್ರವನ್ನು ಯಂತ್ರಕ್ಕೆ ಕಳಿಸಿದಳು. ಯಂತ್ರ ಒಮ್ಮೆ ಮೈಮುರಿದು ಸೂಜಿಯನ್ನು ಕೆಳಗಿಳಿಸಿತು.

ಅಕ್ಕ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಧೂಳು ಎಂದಳು. ಧೂಳನ್ನೆಲ್ಲ ಅವಳು ಬೆಳಿಗ್ಗೆಯೇ ಗುಡಿಸಿದ್ದಳು.

ಸೋಮವಾರ ಹತ್ತು ಗಂಟೆಗೆ ನರ್ಸಿಂಗ್ ಶಾಲೆಯ ಮೇಡಂ ಸ್ವತಃ ಬಂದರು. ಬಿಳಿ ಸೀರೆ, ಎದೆಗೆ ತಗುಲಿಸಿದ ಗಡಿಯಾರ, ನಗುವುದಕ್ಕೆ ಮುಂಚೆ ಯೋಚಿಸುವ ಮುಖ. ಇನ್ನೂರು ಬ್ಯಾಡ್ಜುಗಳನ್ನೂ ಒಂದೊಂದಾಗಿ ಮಗುಚಿ ಹಿಂಬದಿಯ ದಾರವನ್ನೂ ಉಗುರಿನಿಂದ ಎಳೆದು ನೋಡಿದರು. ಬಾಗಿಲಲ್ಲಿ ನಮ್ಮ ಬೀದಿ ಉಸಿರು ಬಿಗಿಹಿಡಿದು ನಿಂತಿತ್ತು. ಕೊನೆಗೆ ಮೇಡಂ ಚೀಲದಿಂದ ಒಂದು ಕಾಗದ ತೆಗೆದು ಅಕ್ಕನ ಕೈಗಿತ್ತರು. ಮುಂದಿನ ವರ್ಷದ ಅಷ್ಟೂ ಸಮವಸ್ತ್ರಕ್ಕೆ ಹೆಸರು ಹೊಲಿಯುವ ಕೆಲಸ. ಅಕ್ಕ ಅದನ್ನು ಎರಡು ಸಲ ಓದಿ ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡಳು.

"ಮೆಷಿನ್ ಕೆಟ್ಟಿತ್ತು, ಕೊಡೋಕಾಗಲ್ಲ ಅಂತ ಪೇಟೇಲಿ ಯಾರೋ ಹೇಳಿದ್ರು," ಎಂದರು ಮೇಡಂ. "ಅಂಥಾ ಹಳೇ ಕಂಪ್ಯೂಟರಿಗೆ ಇಲ್ಲೇ ಸಿಸ್ಟಮ್ ಕಟ್ಟಿದ್ರಂತಲ್ಲ, ಯಾರು ಅದು?"

"ಇವನೇ! ನನ್ನ ಭಾವಮೈದ!" ಭಾವ ನನ್ನ ಭುಜ ಹಿಡಿದು ಮುಂದಕ್ಕೆ ನೂಕಿದರು.

ನಾನು ಜೀವನದಲ್ಲಿ ಮೊದಲ ಸಲ ಒಂದು ಆಯ್ಕೆ ಮಾಡಿದೆ. "ಅಲ್ಲ ಮೇಡಂ," ಎಂದೆ. "ನಾನು ಕಟ್ಟಿದ್ದು ಓಡಲೇ ಇಲ್ಲ. ಇದನ್ನ ಕಟ್ಟಿದ್ದು ನಮ್ಮಕ್ಕ. ನಾನು ಬರ್ಕೊಂಡೆ, ಅಷ್ಟೆ."

ಮೇಷ್ಟ್ರು ನಿಧಾನವಾಗಿ ಹೇಳಿದರು, "ನೋಡಿದಿರಾ? ತುಂಬಿದ ಕೊಡ ತುಳುಕೋದಿಲ್ಲ."

"ಸತ್ಯವಾಗ್ಲೂ ಮೇಷ್ಟ್ರೇ, ನಾನು ಅರವತ್ತನಾಲ್ಕು ಒತ್ತಿ ಮೂರು ದಿನ ಹಾಳು ಮಾಡಿದೆ!"

"ಮೂರು ದಿನ!" ಎಂದ ಬಾಗಿಲಲ್ಲಿದ್ದ ಇಸ್ತ್ರಿಯವನು, ಪಕ್ಕದವನ ಕಡೆ ತಿರುಗಿ. "ಊಟ ನಿದ್ದೆ ಬಿಟ್ಟು. ಈಗ ನೋಡಿ, ಹೆಸರು ಅಕ್ಕನಿಗೆ ಬಿಟ್ಕೊಡ್ತಿದಾರೆ."

"ನನಗೆ ಏನೂ ಗೊತ್ತಿಲ್ಲ ಕಣ್ರೀ! ಆರ್ಕಿಟೆಕ್ಚರ್ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ!"

ಮೇಡಂ ಈಗ ನಕ್ಕರು. ತುಂಬಾ ಗೌರವದಿಂದ ನಕ್ಕರು. "ನಿಜವಾಗಿ ತಿಳಿದವರು ಹೀಗೇ ಮಾತಾಡೋದು. ನಮ್ಮ ಶಾಲೇಲಿ ಇಂಥ ಹಳೇ ಕಂಪ್ಯೂಟರ್ ಹನ್ನೊಂದಿವೆ ಸರ್. ಗುರುವಾರ ದಯವಿಟ್ಟು ಬರಬೇಕು ನೀವು."

ಸುಳ್ಳು ಹೇಳಿದಾಗ ಒಂದು ಬೀದಿ ನಂಬಿತ್ತು. ನಿಜ ಹೇಳಿದ್ದಕ್ಕೆ ಒಂದು ನರ್ಸಿಂಗ್ ಶಾಲೆಯೂ ಸೇರಿಕೊಂಡಿತು. ನನಗೆ ಅಳು ಬರುವುದೊಂದು ಬಾಕಿ. "ಅಕ್ಕ, ನೀನಾದರೂ ಹೇಳೇ" ಎಂದು ಅಂಗಲಾಚಿದೆ.

ಅಕ್ಕ ಮುಷ್ಟಿಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ಒತ್ತಿ ನೋಡಿಕೊಂಡಳು. ಅವಳ ಅಂಗಡಿ ಉಳಿದಿತ್ತು. ಉಳಿದದ್ದು ಯಾರ ಹೆಸರಿನಲ್ಲಿ ಎಂಬ ಚಿಂತೆ ಅವಳಿಗಿದ್ದಂತೆ ಕಾಣಲಿಲ್ಲ.

"ಗುರುವಾರ ಬರ್ತಾನೆ ಮೇಡಂ," ಎಂದಳು. "ಬರ್ಕೊಳ್ಳೋಕೆ ಒಬ್ಬರು ಬೇಕಾಗುತ್ತಲ್ಲ, ಜೊತೆಗೆ ನಾನೂ ಬರ್ತೀನಿ."

ಮೇಷ್ಟ್ರು ಮಹಡಿ ಹತ್ತುವ ಮುಂಚೆ ನನ್ನ ಬೆನ್ನು ತಟ್ಟಿದರು. "ಒಳ್ಳೇದಾಯ್ತು. ಹಂಗೇ ಅಕ್ಕನಿಗೂ ನಾಲ್ಕಕ್ಷರ ಹೇಳ್ಕೊಡಪ್ಪ."

ಆಗಲಿ ಮೇಷ್ಟ್ರೇ, ಎಂದೆ.